ಅಕ್ಟೋಬರ್ ಕೊನೆಗೆ ಯೂಟಾ ಕಣಿವೆಗಳ ಫೋಟೊ ಪ್ರವಾಸ: ಒಂದು ವಾರ ಸಾಕಾಗುತ್ತದಾ?

ನ್ಯೂಜೆರ್ಸಿಯಿಂದ ಲಾಸ್ ವೇಗಸ್‌ಗೆ ಬಂದು, ಕಾರು ಬಾಡಿಗೆಗೆ ತೆಗೆದುಕೊಂಡು, ಏಳು ದಿನದಲ್ಲಿ ಅಮೆರಿಕದ ಯೂಟಾ ರಾಜ್ಯದ ಝಯಾನ್, ಬ್ರೈಸ್ ನ್ಯಾಷನಲ್ ಪಾರ್ಕ್‌ಗಳು, ಜೊತೆಗೆ ಆಂಟೆಲೋಪ್ ಕ್ಯಾನ್ಯನ್, ಗ್ರ್ಯಾಂಡ್ ಕ್ಯಾನ್ಯನ್, ಮೋಆಬ್ ಎಲ್ಲ ಮುಗಿಸಬಹುದಾ, ಅದಕ್ಕೆ ಹೊಸದೊಂದು ವೈಡ್ ಲೆನ್ಸ್ ಬೇಕಾ ಅಂತ ಕೇಳಿದ್ದೀರಿ.

ನೋಡಿಕೊಂಡು ಬರಬಹುದು. ಆದರೆ ಫೋಟೊಗೆ ಬೇಕಾದ ಬೆಳಗ್ಗೆ, ಸಂಜೆ ಎರಡೂ ಕಾರಿನಲ್ಲೇ ಕಳೆದುಹೋಗುತ್ತವೆ. ನನ್ನ ಸಲಹೆ: ಗ್ರ್ಯಾಂಡ್ ಕ್ಯಾನ್ಯನ್, ಮೋಆಬ್, ಆಂಟೆಲೋಪ್ ಮೂರನ್ನೂ ಈ ಸಲ ಬಿಡಿ. ಝಯಾನ್‌ಗೆ ಮೂರು ರಾತ್ರಿ, ಬ್ರೈಸ್‌ಗೆ ಒಂದು ರಾತ್ರಿ ಕೊಡಿ. ಉಳಿದ ಎರಡು ರಾತ್ರಿ ನಿಮ್ಮ ಪಟ್ಟಿಯಲ್ಲೇ ಇಲ್ಲದ ಕ್ಯಾಪಿಟಲ್ ರೀಫ್ ಪಾರ್ಕಿಗೆ ಕೊಡಿ.

ಯಾಕೆ ಅಂದರೆ, ಯೂಟಾದ ಈ ಭಾಗದಲ್ಲಿ ಎಲೆಗಳ ಬಣ್ಣ ಬೆಟ್ಟದ ಮೇಲಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಎತ್ತರದಲ್ಲಿರುವ ಆಸ್ಪೆನ್ ಮರಗಳು ಸೆಪ್ಟೆಂಬರ್ ಕೊನೆಗೇ ಹಳದಿಯಾಗುತ್ತವೆ. ನೀವು ಹೋಗುವ ಹೊತ್ತಿಗೆ ಝಯಾನ್‌ನ ಪಕ್ಕದ ಸಣ್ಣ ಕಣಿವೆಗಳಲ್ಲಿ ಮೇಪಲ್ ಕೆಂಪಾಗಿರುತ್ತದೆ. ಹೊಳೆ ಪಕ್ಕದ ಕಾಟನ್‌ವುಡ್ ಮರಗಳು ಆಗಷ್ಟೇ ಹಳದಿಗೆ ತಿರುಗುತ್ತಿರುತ್ತವೆ. ಮರಳುಗಾಡಲ್ವಾ, ನೀರಿದ್ದ ಕಡೆ ಮಾತ್ರ ಇಂಥ ದೊಡ್ಡ ಮರ. ಹಾಗಾಗಿ ಈ ಸೀಸನ್ನಿನಲ್ಲಿ ಕಣಿವೆಯ ತಳದಲ್ಲೇ ಜಾಸ್ತಿ ಹೊತ್ತು ಕಳೆಯಿರಿ. ಮೇಲಿನ ವ್ಯೂಪಾಯಿಂಟ್‌ಗಳು ವರ್ಷವಿಡೀ ಇದ್ದೇ ಇರುತ್ತವೆ.

ಇನ್ನು ಬೆಳಕು. ಈ ಜಾಗದ ನಿಜವಾದ ಸೊಗಸು ಇರುವುದು ನೆರಳಿನಲ್ಲಿ. ಝಯಾನ್‌ನ ನ್ಯಾರೋಸ್‌ನಲ್ಲಿ ವರ್ಜಿನ್ ನದಿಯೇ ದಾರಿ, ನೀರಿನಲ್ಲೇ ನಡೆಯಬೇಕು. ಎರಡೂ ಕಡೆ ಗೋಡೆಯ ಹಾಗೆ ಬಂಡೆ. ಬಿಸಿಲು ಒಂದು ಗೋಡೆಯ ಮೇಲ್ಭಾಗಕ್ಕೆ ಬಿದ್ದು, ಅಲ್ಲಿಂದ ಎದುರಿನ ಗೋಡೆಗೆ ಹಾರುತ್ತದೆ. ಬಂಡೆಯಲ್ಲಿರುವುದು ಕಬ್ಬಿಣದ ಕೆಂಪು. ಅದಕ್ಕೆ ತಾಗಿ ಬಂದ ಬೆಳಕೂ ಕಿತ್ತಳೆಯಾಗುತ್ತದೆ. ಬಿಸಿಲೇ ಬೀಳದ ಬಂಡೆ ಒಳಗಿನಿಂದ ಹೊತ್ತಿಕೊಂಡಂತೆ ಕಾಣುತ್ತದೆ. ಕೆಳಗಿನ ನೀರು ಆಕಾಶದ ನೀಲಿಯನ್ನು ಹಿಡಿದಿರುತ್ತದೆ. ಇದು ಸಿಗುವುದು ಬೆಳಗ್ಗೆ ಹತ್ತರ ನಂತರ, ಬೇರೆ ಕಡೆ ಫೋಟೊಗ್ರಾಫರ್‌ಗಳು ಕ್ಯಾಮೆರಾ ಒಳಗಿಡುವ ಹೊತ್ತಿಗೆ. ನೇರ ಬಿಸಿಲು ಬಿದ್ದ ಬಂಡೆ, ಆಕಾಶ ಎರಡನ್ನೂ ಫ್ರೇಮಿನಿಂದ ಹೊರಗಿಡಿ. ಬಣ್ಣದ ಛಾಯೆ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ, ಆ ಕಿತ್ತಳೆಯನ್ನು ಅದು ಸುಮ್ನೆ ತೊಳೆದುಹಾಕುತ್ತದೆ. ಡೇಲೈಟ್‌ಗೆ ಇಟ್ಟು, ಕ್ಯಾಮೆರಾ ಹಿಡಿದದ್ದನ್ನು ಹಾಗೇ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ.

ಅಕ್ಟೋಬರ್ ಕೊನೆಗೆ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಝಯಾನ್ ಬಾಗಿಲಲ್ಲೇ ಇರುವ ಸ್ಪ್ರಿಂಗ್‌ಡೇಲ್ ಊರಿನಲ್ಲಿ ನೀರಿನ ಬೂಟು, ದಪ್ಪ ಸಾಕ್ಸು, ಕೋಲು ಬಾಡಿಗೆಗೆ ಸಿಗುತ್ತವೆ. ಕೋಲು ಬೇಡ ಅನ್ನಬೇಡಿ. ಹೊರಡುವ ಮುಂಚೆ ವಿಸಿಟರ್ ಸೆಂಟರ್‌ನಲ್ಲಿ ಅವತ್ತಿನ ಪ್ರವಾಹದ ಮುನ್ಸೂಚನೆ ಕೇಳಲೇಬೇಕು. ನಿಮ್ಮ ತಲೆಯ ಮೇಲೆ ಆಕಾಶ ನೀಲಿಯಾಗಿದ್ದರೂ ಮೇಲ್ಗಡೆ ಎಲ್ಲೋ ಸುರಿದ ಮಳೆ ಕಣಿವೆಯನ್ನು ತುಂಬಿಬಿಡುತ್ತದೆ.

ಶಟಲ್ ಬಸ್ ಓಡುವ ತಿಂಗಳುಗಳಲ್ಲಿ ಝಯಾನ್‌ನ ಮುಖ್ಯ ಕಣಿವೆಗೆ ಸ್ವಂತ ಕಾರು ಬಿಡುವುದಿಲ್ಲ. ಅಕ್ಟೋಬರ್ ಕೂಡ ಅದರಲ್ಲಿ ಸೇರಿದೆ. ಟ್ರೈಪಾಡ್ ಹೊತ್ತು ಬಸ್ಸಲ್ಲೇ ಹೋಗಬೇಕು. ಅದಕ್ಕೇನೂ ಬೇಜಾರು ಬೇಡ, ಅಷ್ಟು ಆಳಕ್ಕೆ ಸೂರ್ಯ ಇಳಿಯುವುದೇ ತಡವಾಗಿ.

ಬ್ರೈಸ್ ಇದಕ್ಕೆ ಪೂರ್ತಿ ಉಲ್ಟಾ. ಅದು ಪೂರ್ವಕ್ಕೆ ತೆರೆದುಕೊಂಡಿರುವ ಜಾಗ, ಸೂರ್ಯೋದಯ ತಪ್ಪಿದರೆ ಅರ್ಧ ತಪ್ಪಿದ ಹಾಗೆ. ಬ್ರೈಸ್ ಪಾಯಿಂಟ್‌ನಲ್ಲಿ ಅರ್ಧ ಗಂಟೆ ಮುಂಚೆಯೇ ನಿಂತಿರಿ. ಸುಮಾರು 2,500 ಮೀಟರ್ ಎತ್ತರ, ಅಕ್ಟೋಬರ್ ಬೆಳಗ್ಗೆ ಸೊನ್ನೆಗಿಂತ ಕೆಳಗಿನ ಚಳಿ. ಎರಡನೇ ಬ್ಯಾಟರಿಯನ್ನು ಜಾಕೆಟ್ಟಿನ ಒಳಜೇಬಿನಲ್ಲಿಡಿ.

ಅಲ್ಲಿಂದ ಹೈವೇ 12 ಹಿಡಿದು ಕ್ಯಾಪಿಟಲ್ ರೀಫ್‌ಗೆ ಹೋಗಿ. ಬೌಲ್ಡರ್ ಮೌಂಟನ್ ಮೇಲೆ ಆಸ್ಪೆನ್‌ಗಳು ಎಲೆ ಉದುರಿಸಿ ಬಿಳಿ ಕಾಂಡ ಮಾತ್ರ ಉಳಿಸಿಕೊಂಡಿರುತ್ತವೆ, ಅದೂ ಒಂದು ಚಂದವೇ. ಕೆಳಗಿಳಿದರೆ ಫ್ರೂಟಾ. ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಜನ ಹಣ್ಣಿನ ತೋಟ ಮಾಡಿಕೊಂಡಿದ್ದ ಊರು, ತೋಟಗಳು ಈಗಲೂ ಇವೆ. ಫ್ರೀಮಾಂಟ್ ನದಿಯ ಉದ್ದಕ್ಕೂ ಕಾಟನ್‌ವುಡ್, ಹಿಂದೆ ಕೆಂಪು ಬಂಡೆ. ಶಟಲ್ ಇಲ್ಲ, ನೂಕುನುಗ್ಗಲೂ ಕಡಿಮೆ. ಬಂಡೆ ನೆರಳಿನಲ್ಲಿದ್ದು ಮರಕ್ಕೆ ಮಾತ್ರ ಬಿಸಿಲು ತಾಗುವ ಹೊತ್ತಿಗೆ ಕಾಯಿರಿ. ಒಂದು ಮರ, ಹಿಂದೆ ಬರೀ ಬಂಡೆ, ಅಷ್ಟೇ ಸಾಕು. ಕಾಟನ್‌ವುಡ್ ಎಲೆ ನಮ್ಮ ಅರಳಿ ಎಲೆಯ ಹಾಗೆ ಸಣ್ಣ ಗಾಳಿಗೂ ಪಟಪಟ ಅಂತ ಅಲ್ಲಾಡುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಶಟರ್ ವೇಗವಾಗಿರಲಿ.

ಇಂಥ ಫೋಟೊಗೆ ನಿಮ್ಮ ಹತ್ತಿರ ಇರುವ 24-105 ಮತ್ತು 70-200 ಲೆನ್ಸ್‌ಗಳು ಧಾರಾಳ ಸಾಕು. ವೈಡ್ ಲೆನ್ಸಿನ ದುಡ್ಡಿನಲ್ಲಿ ಒಳ್ಳೆಯ ಪೋಲರೈಸರ್ ಫಿಲ್ಟರ್ ಕೊಳ್ಳಿ. ಒದ್ದೆ ಬಂಡೆ, ಎಲೆಗಳ ಮೇಲಿನ ಬಿಳಿ ಹೊಳಪನ್ನು ಅದು ತೆಗೆದು ಬಣ್ಣವನ್ನು ಈಚೆ ತರುತ್ತದೆ.

ಆಂಟೆಲೋಪ್ ಬಿಡಿ ಅಂದದ್ದಕ್ಕೆ ಕಾರಣ ಇದೆ. ಮೇಲಿಂದ ಕಂಬದ ಹಾಗೆ ಇಳಿಯುವ ಆ ಬೆಳಕಿನ ಕೋಲು ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಮುಗಿದಿರುತ್ತದೆ. ಅದು ನವಾಹೊ ಮೂಲನಿವಾಸಿಗಳ ನೆಲ, ಗೈಡ್ ಜೊತೆಗೇ ಹೋಗಬೇಕು, ಟ್ರೈಪಾಡ್ ಬಿಡುವುದಿಲ್ಲ. ಆದರೂ ಹೋಗುವ ಆಸೆ ಇದ್ದರೆ, ನವೆಂಬರ್ ಮೊದಲ ಭಾನುವಾರದವರೆಗೆ ಆಂಟೆಲೋಪ್ ಪಕ್ಕದ, ಅರಿಝೋನಾ ರಾಜ್ಯದ ಪೇಜ್ ಊರಿನ ಗಡಿಯಾರ ಯೂಟಾಗಿಂತ ಒಂದು ಗಂಟೆ ಹಿಂದೆ ಇರುತ್ತದೆ ಅನ್ನುವುದನ್ನು ನೆನಪಿಡಿ.

ಒಂದು ವಿಷಯ ಮಾತ್ರ ಕೈಮುಗಿದು ಕೇಳುತ್ತೇನೆ. ದಾರಿಯಿಂದಾಚೆ ಕಪ್ಪಗೆ, ಉಬ್ಬುಉಬ್ಬಾಗಿ ಕಾಣುವ ಮಣ್ಣಿನ ಮೇಲೆ ಕಾಲಿಡಬೇಡಿ. ಅದು ಜೀವ ಇರುವ ಮಣ್ಣು. ಮರಳು ಹಾರಿಹೋಗದಂತೆ ಹಿಡಿದಿರುವುದೇ ಅದು. ಒಂದು ಹೆಜ್ಜೆಗೆ ಪುಡಿಯಾದರೆ ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷ ಬೇಕು. ಇನ್ನೊಂದು ಕೋನ ಬೇಕು ಅನ್ನುವ ಆಸೆಯಲ್ಲಿ ಅದನ್ನು ತುಳಿಯುವವರು ನಮ್ಮ ಕ್ಯಾಮೆರಾ ಜನವೇ. ನೋಡಿದಾಗ ಹೊಟ್ಟೆ ಉರಿಯುತ್ತದೆ.

ಎಲೆಯ ಬಣ್ಣ ವರ್ಷದಿಂದ ವರ್ಷಕ್ಕೆ ಒಂದು ವಾರ ಹಿಂದೆಮುಂದೆ ಆಗುತ್ತದೆ. ರೂಮ್‌ಗಳನ್ನು ಈಗಲೇ ಹಿಡಿಯಿರಿ, ಆದರೆ ರದ್ದು ಮಾಡಲು ಬರುವಂಥವನ್ನೇ ನೋಡಿ. ರಜೆಯನ್ನು ನವೆಂಬರ್ ಮೊದಲ ವಾರಕ್ಕೆ ತಳ್ಳಲು ಆದರೆ ತಳ್ಳಿ. ಕ್ಯಾಪಿಟಲ್ ರೀಫ್‌ನಲ್ಲಿ ಎಲೆ ಸ್ವಲ್ಪ ಉದುರಿರಬಹುದು, ಝಯಾನ್ ತಳದಲ್ಲಿ ಮಾತ್ರ ಹಳದಿ ತುಂಬಿರುತ್ತದೆ.