ಅರ್ಧ ಉಳಿದ ಸೆಂಟನ್ನು ಬಲ್ಬ್ ಬಾಟಲಿಗೆ ಸುರಿದು ಫ್ರಿಜ್ಜಿನಲ್ಲಿಡಬಹುದೇ?

ಬೇಡ. ಸುರಿಯುವುದೂ ಬೇಡ, ಫ್ರಿಜ್ಜೂ ಬೇಡ.

100 ಎಂಎಲ್ ಬಾಟಲಿ ಅರ್ಧಕ್ಕಿಳಿದಿದೆ, ಬಣ್ಣ ಕಂದಾಗುತ್ತಿದೆ, ರಬ್ಬರ್ ಬಲ್ಬು ಹಿಸುಕುವ ಚಂದದ ಗಾಜಿನ ಬಾಟಲಿಯೊಂದು ಕೈಗೆ ಬಂದಿದೆ ಅಂದಿರಲ್ಲ, ಅದು ನನ್ನದೇ ಹಳೇ ಪ್ರಶ್ನೆ. ನಾನು ಯಾರನ್ನೂ ಕೇಳದೆ ಸುರಿದುಬಿಟ್ಟೆ.

ಬಲ್ಬ್ ಬಾಟಲಿಯನ್ನು ಆಮೇಲೆ ಬೈಯೋಣ. ನನ್ನನ್ನು ಕೆಡಿಸಿದ್ದು ಅದಕ್ಕಿಂತ ಮುಂಚಿನ ಕೆಲಸ: ಮೂಲ ಬಾಟಲಿಯ ಪಂಪಿಗೆ ಇಕ್ಕಳ ಹಾಕಿ ಎಳೆದದ್ದು. ಸೆಂಟಿನ ಬಾಟಲಿಯ ಕೊರಳು ಎರಡು ಥರ. ಒಂದರಲ್ಲಿ ತಿರುಪು ಇರುತ್ತದೆ, ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಕ್ರಿಂಪ್: ಪಂಪಿನ ಸುತ್ತಲ ಅಲ್ಯೂಮಿನಿಯಂ ಬಳೆಯನ್ನು ಯಂತ್ರದಿಂದ ಗಾಜಿನ ತುಟಿಯ ಕೆಳಕ್ಕೆ ಮಡಚಿ ಒತ್ತಿರುತ್ತಾರೆ. ಹೊಳೆಯುವ ಹೊರಗವಚ ಎರಡರಲ್ಲೂ ಒಂದೇ ಥರ ಕಾಣುತ್ತದೆ. ಕ್ರಿಂಪ್ ಆಗಿರುವ ಬಾಟಲಿಯಲ್ಲೂ ಆ ಕವಚ ಸುಮ್ಮನೆ ಗರಗರ ತಿರುಗುವುದುಂಟು. ತಿರುಗುತ್ತಿದೆ ಅಂದಮೇಲೆ ತಿರುಪೇ ಇರಬೇಕು ಅಂದುಕೊಂಡು ಬಲ ಹಾಕಿದ್ದು ನಾನು. ತಿರುಗುತ್ತ ತಿರುಗುತ್ತ ಮೇಲಕ್ಕೆ ಏರಿದರೆ ಮಾತ್ರ ತಿರುಪು. ಇದ್ದಲ್ಲೇ ತಿರುಗಿದರೆ ಅದು ಕ್ರಿಂಪ್, ಕೈ ತೆಗೆಯಿರಿ.

ಮಡಚಿದ ಬಳೆ ಒಮ್ಮೆ ಅಗಲವಾಯಿತೋ, ಬರಿಗೈಯಲ್ಲಿ ಮತ್ತೆ ಬಿಗಿ ಮಾಡಲಾಗುವುದಿಲ್ಲ. ಅದರಡಿಯ ವಾಷರ್ ಕೂಡ ಮೊದಲಿನ ಹಾಗೆ ಕೂರುವುದಿಲ್ಲ. ಎಳೆಯುವಾಗ ಗಾಜಿನ ತುಟಿ ಸಿಡಿದು ಚೂರು ಒಳಗೆ ಬಿದ್ದರಂತೂ ಇಡೀ ಸೆಂಟು ಚೆಲ್ಲಬೇಕು. ಅಂದರೆ ಹೊಸ ಬಾಟಲಿ ಸರಿಯಿಲ್ಲ ಎಂದು ಗೊತ್ತಾದ ಮೇಲೂ ವಾಪಸು ಸುರಿಯಲು ನಿಮಗೆ ಜಾಗವೇ ಇರುವುದಿಲ್ಲ. ಕೆಟ್ಟದ್ದು ಇದರಿಂದಲೇ.

ಅಷ್ಟಕ್ಕೂ ಆ ಪಂಪು ಮಾಡುತ್ತಿದ್ದ ಕೆಲಸ ಏನು? ಒಮ್ಮೆ ಒತ್ತಿದರೆ ಸುಮಾರು 0.1 ಎಂಎಲ್ ಹೊರಗೆ ಬರುತ್ತದೆ, ಖಾಲಿಯಾದಷ್ಟೇ ಗಾಳಿ ಒಳಗೆ ಹೋಗುತ್ತದೆ. ಒತ್ತದಿದ್ದಾಗ ಸ್ಪ್ರಿಂಗು ಬಾಯಿ ಮುಚ್ಚಿಕೊಂಡಿರುತ್ತದೆ. ಬಲ್ಬ್ ಬಾಟಲಿ ಕೆಲಸ ಮಾಡುವುದೇ ಗಾಳಿ ಊದಿ. ಅದರ ನಳಿಗೆ ಸಾಮಾನ್ಯವಾಗಿ ಸದಾ ತೆರೆದೇ ಇರುತ್ತದೆ, ನೀವು ಮುಟ್ಟದಿದ್ದರೂ ಆಲ್ಕೋಹಾಲ್ ಆವಿಯಾಗುತ್ತಲೇ ಇರುತ್ತದೆ. ನನ್ನದರಲ್ಲಿ ಕೆಲವೇ ತಿಂಗಳಲ್ಲಿ ಮಟ್ಟ ಒಂದು ಬೆರಳಿನಷ್ಟು ಇಳಿಯಿತು. ಮೊದಲು ಹೋದದ್ದು ನಿಂಬೆ, ಕಿತ್ತಳೆಯ ಪರಿಮಳ. ಬೇಗ ಹಾರುವುದೂ ಅವೇ, ಗಾಳಿಯ ಆಮ್ಲಜನಕಕ್ಕೆ ಬೇಗ ಕೆಡುವುದೂ ಅವೇ. ಉಳಿದದ್ದು ಅಂಟಂಟು ಸಿಹಿ ಘಾಟು, ಜೊತೆಗೆ ರಬ್ಬರಿನ ವಾಸನೆ.

ನಿಮ್ಮ ಸೆಂಟಿನ ಬಣ್ಣ ಬದಲಾಗಿದೆ ಅಂದ ಮಾತ್ರಕ್ಕೆ ಅದು ಕೆಟ್ಟಿದೆ ಎಂದಲ್ಲ. ವೆನಿಲಾ ಪರಿಮಳ ಕೊಡುವ ವೆನಿಲಿನ್ ಇರುವ ಸೆಂಟು ತಾನಾಗಿ ಕಂದಾಗುತ್ತದೆ. ಮೂಗಿನಿಂದ ನೋಡಿ: ಒಂದು ಕಾಗದಕ್ಕೆ ಹೊಡೆದು ಹತ್ತು ನಿಮಿಷ ಬಿಡಿ. ತುಂಬ ದಿನ ಮುಟ್ಟದ ಬಾಟಲಿಯ ಮೊದಲೆರಡು ಸ್ಪ್ರೇ ನಳಿಗೆಯಲ್ಲಿ ನಿಂತಿದ್ದ ಹಳೇ ದ್ರವ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹತ್ತು ನಿಮಿಷದ ಮೇಲೂ ಹುಳಿ ವಾಸನೆ ಅಥವಾ ಹಳೇ ಎಣ್ಣೆಯ ಕಮಟು ಇದ್ದರೆ ಮೈಗೆ ಹಚ್ಚಬೇಡಿ. ಲಿಮೊನೀನ್, ಲಿನಲೂಲ್ ಎಂಬ ಪರಿಮಳದ ಅಂಶಗಳು ಗಾಳಿಗೆ ಕೆಟ್ಟಾಗ ಹುಟ್ಟುವ ಪದಾರ್ಥಗಳು ಚರ್ಮಕ್ಕೆ ಅಲರ್ಜಿ ತರಬಹುದು.

ಫ್ರಿಜ್ಜಿನ ಬಗ್ಗೆ ನನ್ನ ತಕರಾರು ತಂಪಿನದಲ್ಲ, ಏರಿಳಿತದ್ದು. ಬೆಳಿಗ್ಗೆ ಹೊರಗೆ, ಮತ್ತೆ ಒಳಗೆ ಎಂದು ದಿನವೂ ಓಡಾಡಿಸುವುದಕ್ಕಿಂತ 15ರಿಂದ 20 ಡಿಗ್ರಿಯ ಆಸುಪಾಸಿನಲ್ಲಿ ಒಂದೇ ಕಡೆ ನಿಲ್ಲಿಸುವುದು ಮೇಲು. ಅದರದೇ ರಟ್ಟಿನ ಡಬ್ಬಿ, ಮುಚ್ಚಿದ ಕಪಾಟು, ಬಾಟಲಿ ನೆಟ್ಟಗೆ. ಮಲಗಿಸಿಟ್ಟರೆ ದ್ರವ ಸದಾ ವಾಷರಿಗೆ ತಾಗಿಕೊಂಡಿರುತ್ತದೆ, ನಿಧಾನಕ್ಕೆ ಸೋರುತ್ತದೆ. ಬಚ್ಚಲುಮನೆ, ಕಿಟಕಿ ಕಟ್ಟೆ, ಕಾರು ಮೂರೂ ಬೇಡ. ಕೋಣೆ ಸದಾ ಕಾದೇ ಇರುತ್ತದೆ ಅನ್ನುವವರು ಮಾತ್ರ ಡಬ್ಬಿ ಸಮೇತ ಫ್ರಿಜ್ಜಿನ ಹಿಂಬದಿಯಲ್ಲಿಡಲಿ, ಬಾಗಿಲಲ್ಲಿ ಅಲ್ಲ. ತಂಪಿಗೆ ದ್ರವ ಮಸುಕಾದರೆ ಗಾಬರಿ ಬೇಡ, ಮೇಣದಂಶ ಬೇರ್ಪಟ್ಟಿರುತ್ತದೆ, ಬೆಚ್ಚಗಾದಾಗ ಕರಗುತ್ತದೆ. ಕುಲುಕುವ ಅಭ್ಯಾಸವಿದ್ದರೆ ಬಿಡಿ. ಇದು ಔಷಧಿಯ ಸಿರಪ್ಪಲ್ಲ, ಎಲ್ಲ ಕರಗಿಯೇ ಇದೆ. ಕುಲುಕಿದರೆ ಗಾಳಿ ಬೆರೆಯುತ್ತದೆ, ಅಷ್ಟೇ.

ಚೀಲದಲ್ಲಿ ಒಯ್ಯಲು ಸ್ವಲ್ಪ ಬೇಕೆಂದರೆ ಪಂಪು ಕೀಳದೆಯೇ ತೆಗೆಯಬಹುದು. ಒತ್ತುವ ತಲೆಯನ್ನು ನೆಟ್ಟಗೆ ಮೇಲಕ್ಕೆಳೆದರೆ ಬರುತ್ತದೆ, ಕೆಳಗೆ ಸಣ್ಣ ಕಡ್ಡಿಯಂಥ ನಳಿಗೆ ಕಾಣುತ್ತದೆ. ತಳದಲ್ಲಿ ವಾಲ್ವ್ ಇರುವ ಪುಟ್ಟ ಬಾಟಲಿಯನ್ನು ಅದರ ಮೇಲೆ ಕೂರಿಸಿ ಒತ್ತುತ್ತಾ ಹೋಗಿ. 5 ಎಂಎಲ್‌ಗೆ ಸುಮಾರು ಐವತ್ತು ಸಲ. ಕಂಠಮಟ್ಟ ತುಂಬಬೇಡಿ: ಆಲ್ಕೋಹಾಲ್ 20 ಡಿಗ್ರಿ ಬಿಸಿಯಾದರೆ ನೂರಕ್ಕೆ ಎರಡು ಪಾಲು ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ವಾಷರ್ ದಾಟಿ ಬರುತ್ತದೆ. ಹತ್ತರಲ್ಲೊಂದು ಪಾಲು ಖಾಲಿ ಬಿಡಿ.

ಆ ಪುಟ್ಟ ಬಾಟಲಿಯನ್ನು ಮೊದಲು ತೊಳೆಯುವುದಾದರೆ ನೀರಲ್ಲಿ ಬೇಡ, 95 ಶೇಕಡಾ ಆಲ್ಕೋಹಾಲ್ ಹಾಕಿ ಎರಡು ಸಲ, ಪಂಪಿನಿಂದಲೂ ಹಾಯಿಸಿ, ಬಿಚ್ಚಿ ಒಂದು ದಿನ ಒಣಗಿಸಿ. ಒಳಗೆ ನೀರು ನಿಂತರೆ ಎಣ್ಣೆ ಬೇರ್ಪಟ್ಟು ಸೆಂಟು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆಲ್ಕೋಹಾಲ್ ಇರುವಾಗ ಹತ್ತಿರ ಒಲೆ, ದೀಪ ಇರಬಾರದು. ಪಾಲಿಶ್ ಮಾಡಿದ ಮೇಜಿನ ಮೇಲೆ ಈ ಕೆಲಸ ಮಾಡಬೇಡಿ, ಒಂದು ಹನಿ ಬಿದ್ದರೂ ಕಲೆ ಉಳಿಯುತ್ತದೆ.

ಸ್ಪ್ರೇ ಕಟ್ಟಿಕೊಂಡರೆ ಒತ್ತುವ ತಲೆಯನ್ನಷ್ಟೇ ತೆಗೆದು ಹತ್ತು ನಿಮಿಷ ಬಿಸಿನೀರಲ್ಲಿ, ಆಮೇಲೆ ಆಲ್ಕೋಹಾಲಿನಲ್ಲಿ ನೆನೆಸಿ, ಒಣಗಿಸಿ ಹಾಕಿ. ಸೂಜಿ ಚುಚ್ಚಬೇಡಿ. ಆ ರಂಧ್ರದ ಹಿಂದೆ ದ್ರವವನ್ನು ಸುಳಿ ತಿರುಗಿಸುವ ಸಣ್ಣ ಗೀರುಗಳಿರುತ್ತವೆ, ಅವು ಹಾಳಾದರೆ ಮಂಜಿನಂತೆ ಬರಬೇಕಾದ್ದು ಪಿಚಕಾರಿಯಾಗುತ್ತದೆ.

ಬಲ್ಬ್ ಬಾಟಲಿಯ ಆಸೆ ಬಿಡಲಾಗದಿದ್ದರೆ ಒಂದು ವಾರಕ್ಕಾಗುವಷ್ಟು, 3 ಎಂಎಲ್, ಸ್ಪ್ರೇ ಮಾಡಿಯೇ ತುಂಬಿ, ಮುಗಿಸಿ, ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿಡಿ. ಮಿಕ್ಕದ್ದು ಹಳೇ ಬಾಟಲಿಯಲ್ಲೇ ಇರಲಿ.