ಕಣ್ಣಿನ ಒತ್ತಡ 16 ಇದ್ದರೂ ಗ್ಲಾಕೋಮಾ ಆಗುತ್ತಾ?

ಸರ್, ನಮಸ್ಕಾರ. ಸೇಡಂನಲ್ಲಿರುವ ನಿಮ್ಮ ತಂದೆಯವರ ಕಣ್ಣಿನ ಒತ್ತಡ 16 ಮಾತ್ರ, ಆದರೂ ಕಲಬುರಗಿಯ ಡಾಕ್ಟರು ಗ್ಲಾಕೋಮಾ (ಕಣ್ಣಿನ ನರ ಸವೆಯುವ ಕಾಯಿಲೆ) ಅಂದಿದ್ದಾರೆ, ರಕ್ತ ಸರಿಯಾಗಿ ಹರಿಯದೆ ಹೀಗಾಯ್ತಾ ಅಂತ ಕೇಳಿದ್ದೀರಿ.

ಅದೂ ಒಂದು ಕಾರಣ ಇರಬಹುದು. 10ರಿಂದ 21 ನಾರ್ಮಲ್ ಅಂತಾರೆ, ಆದರೆ ಅಷ್ಟರೊಳಗೇ ನರ ಸವೆಯುವವರು ಬಹಳ ಜನ. ಕಣ್ಣಿನ ನರಕ್ಕೆ ರಕ್ತ ತಲುಪಬೇಕಾದರೆ ಬಿಪಿಯು ಕಣ್ಣಿನೊಳಗಿನ ಒತ್ತಡವನ್ನು ಮೀರಿ ತಳ್ಳಬೇಕು. ನಿದ್ದೆಯಲ್ಲಿ ಬಿಪಿ ತಾನಾಗೇ ಇಳಿಯುತ್ತದೆ, ಮಲಗಿದಾಗ ಕಣ್ಣಿನ ಒತ್ತಡ ಸ್ವಲ್ಪ ಏರುತ್ತದೆ. ತಂದೆಯವರು ಬಿಪಿ ಮಾತ್ರೆ ರಾತ್ರಿ ಊಟ ಆದ ಮೇಲೆ ತಗೋತಾರೆ ಅಂತ ಬರೆದಿದ್ದೀರಲ್ಲ, ನನಗೆ ಮುಖ್ಯ ಅನಿಸಿದ್ದು ಅದೇ. ಕೆಲವರಿಗೆ ಆಗ ಬಿಪಿ ತೀರಾ ಕುಸಿಯುತ್ತದೆ. ಕಣ್ಣಿನ ಡಾಕ್ಟರಿಗೂ, ಬಿಪಿ ನೋಡುವವರಿಗೂ ಇದನ್ನು ಹೇಳಿ. 24 ಗಂಟೆ ಬಿಪಿ ಅಳೆದು ನೋಡಿ, ಬೇಕಾದರೆ ಅವರೇ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸ್ತಾರೆ. ನೀವಾಗೇ ನಿಲ್ಲಿಸಬೇಡಿ ಮಾತ್ರ. ಬಿಪಿ ಏರಿ ಲಕ್ವ ಹೊಡೆದರೆ ಏನ್ ಮಾಡ್ತೀರಿ?

ಇನ್ನೊಂದು. ರಕ್ತ ಕಡಿಮೆಯಾಗಿ ನರ ಸಾಯುತ್ತಾ, ನರ ಸತ್ತದ್ದಕ್ಕೆ ರಕ್ತ ಕಡಿಮೆಯಾಗುತ್ತಾ ಅನ್ನೋದು ಸಂಶೋಧಕರಲ್ಲೂ ಪೂರ್ತಿ ಬಗೆಹರಿದಿಲ್ಲ. ಹಾಗಾಗಿ ‘ಕಣ್ಣಿಗೆ ರಕ್ತ ಹರಿಸುವ’ ಪುಡಿ, ಮಾತ್ರೆಗೆ ಸುಮ್ನೆ ದುಡ್ಡು ಸುರಿಯಬೇಡಿ. ಕಣ್ಣಿನ ಒತ್ತಡ ಇಳಿಸುವ ಡ್ರಾಪ್ಸ್ ತಪ್ಪದೆ ಹಾಕಿಸಿ. ನಾರ್ಮಲ್ ಒತ್ತಡದ ಗ್ಲಾಕೋಮಾದಲ್ಲೂ ಒತ್ತಡವನ್ನು ಶೇ. 30ರಷ್ಟು ಇಳಿಸಿದರೆ ಹಾನಿ ನಿಧಾನವಾಗುತ್ತದೆ ಅಂತ 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅಂದರೆ 16 ಇದ್ದದ್ದು 11ರ ಹತ್ತಿರ ಬರಬೇಕು.

ಹಾಂ, ಇದು ಮನೆತನದಲ್ಲಿ ಹರಿಯುವ ಕಾಯಿಲೆ. 40 ದಾಟಿದ್ದರೆ ನೀವೂ, ನಿಮ್ಮ ಒಡಹುಟ್ಟಿದವರೂ ಒಮ್ಮೆ ಕಣ್ಣಿನ ನರ ಪರೀಕ್ಷೆ ಮಾಡಿಸಿಕೊಳ್ಳಿ.