ಸಭೆಯಲ್ಲಿ ಎಲ್ಲರೂ ಒಪ್ಪುತ್ತಾರೆ, ಆಮೇಲೆ ಯಾರೂ ದುಡ್ಡು ಕಟ್ಟುವುದಿಲ್ಲ: ಪ್ರತಿಕ್ರಿಯೆ

ನೀವು ಬರೆದಂತೆ ನಿಮ್ಮ ಕಟ್ಟಡದ ನಲವತ್ತು ಮನೆಯವರೂ ಸಂಘದ ಸಭೆಯಲ್ಲಿ ‘ಆಗಲಿ’ ಎಂದು, ಈಗ ಸಂಪ್ ರಿಪೇರಿಗೆ ದುಡ್ಡು ಕಟ್ಟುತ್ತಿಲ್ಲ ಎಂದರೆ, ಬಹುಶಃ ಅಲ್ಲಿ ಒಪ್ಪಿಗೆಯೇ ಆಗಿಲ್ಲ. ಯಾರೂ ಎದುರಾಡಲಿಲ್ಲ, ಅಷ್ಟೆ. ಅಧ್ಯಕ್ಷರು ಮೊದಲೇ ತಮ್ಮ ಅಭಿಪ್ರಾಯ ಹೇಳಿ, ಆಮೇಲೆ ‘ಯಾರದಾದರೂ ಆಕ್ಷೇಪ ಇದೆಯಾ?’ ಎಂದು ಕೇಳಿದರೆ ಹೀಗಾಗುತ್ತದೆ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದಾಗ, ಮೊದಲೇ ಹೇಳಿಕೊಟ್ಟಂತೆ ಗುಂಪಿನ ಉಳಿದವರು ಬೇಕೆಂದೇ ತಪ್ಪು ಉತ್ತರ ಹೇಳಿದರೆ, ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಅದನ್ನೇ ಹೇಳಿದ್ದರು. ಗುಂಪಿನಲ್ಲಿ ಒಬ್ಬರು ಸರಿಯಾದ ಉತ್ತರ ಕೊಟ್ಟರೂ ಸಾಕು, ಆ ಒತ್ತಡ ಬಹಳ ಇಳಿಯುತ್ತಿತ್ತು.

ಹಳೆಯ ನಿರ್ಣಯವನ್ನೇ ಹಿಡಿದು ಜಗ್ಗಬೇಡಿ, ಇನ್ನೊಮ್ಮೆ ಸಭೆ ಕರೆಯಿರಿ. ಒಂದು ವಾರ ಮೊದಲೇ ಕೊಟೇಶನ್‌ಗಳನ್ನೂ ಮನೆಗೆಷ್ಟು ಬೀಳುತ್ತದೆ ಎಂಬುದನ್ನೂ ಎಲ್ಲರಿಗೂ ಕಳಿಸಿ. ಸಭೆಯಲ್ಲಿ ಚರ್ಚೆಗೆ ಮುಂಚೆ ಚೀಟಿ ಹಂಚಿ: ‘ಆರು ತಿಂಗಳಾಗಿದೆ, ಈ ಕೆಲಸ ಕೆಟ್ಟಿದೆ ಎಂದುಕೊಳ್ಳಿ. ಯಾಕೆ ಕೆಟ್ಟಿತು?’ ಹೆಸರು ಬರೆಯುವುದು ಬೇಡ. ಇದು ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಉಪಾಯ. ಎದುರಾಡಲು ಸಂಕೋಚಪಡುವವರೂ ಬರೆಯುತ್ತಾರೆ. ನಮ್ಮ ಕಟ್ಟಡದಲ್ಲಿ ಚೀಟಿ ಬಿಡಿಸಿ ನೋಡಿದಾಗ ಹೆಚ್ಚಿನವರ ತಕರಾರು ಕೆಲಸದ ಮೇಲಲ್ಲ, ಪೂರ್ತಿ ಹಣ ಒಂದೇ ಸಲ ಕಟ್ಟುವುದರ ಮೇಲಿತ್ತು. ಮೂರು ಕಂತು ಮಾಡಿದೆವು, ಹಣ ಬಂತು. ನಿಮ್ಮಲ್ಲಿ ಕಾರಣ ಬೇರೆಯೇ ಇರಬಹುದು, ಗುತ್ತಿಗೆದಾರನ ಮೇಲೆ ನಂಬಿಕೆ ಇಲ್ಲದಿರಬಹುದು. ಚೀಟಿಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಅಧ್ಯಕ್ಷರು ಕೊನೆಗೆ ಮಾತಾಡಲಿ.

ಆಮೇಲೆ ಗುಪ್ತ ಮತದಾನ. ವಿಶೇಷ ವಂತಿಗೆಗೆ ಎಷ್ಟು ಮತ ಬೇಕು ಎಂದು ನಿಮ್ಮ ಸಂಘದ ಬೈಲಾದಲ್ಲಿ (ನಿಯಮಾವಳಿಯಲ್ಲಿ) ಮೊದಲೇ ನೋಡಿಕೊಳ್ಳಿ. ಮತಗಳ ಲೆಕ್ಕ, ಕಂತಿನ ದಿನಾಂಕ ಎರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಏಳುವ ಮೊದಲೇ ಸಹಿ ಹಾಕಿಸಿಕೊಳ್ಳಿ.